ಮುಂದಲೆ ನನ್ನದು, ಹಿಂದಲೆ ನಿಮ್ಮದು

ಅಲ್ಲ ರೀ... ಅಲ್ಲಲ್ಲ, ಅದು ಕಿವಿ! ಕಿವಿಗೂ ಬಣ್ಣ ಹಚ್ಚಿ ಏನು ಮಾಡ್ತೀರಿ? ಅದಕ್ಕಿನ್ನೂ ನರೆ ಬಂದಿಲ್ಲ. ಸ್ವಲ್ಪ ಹಿಂದಕ್ಕೆ ಬನ್ನಿ. ಹಾಂ, ಅಲ್ಲಿ... ಕತ್ತಿನ ಹತ್ರದಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಬಾಚಣಿಗೆ ಬಾಲದಲ್ಲಿ ಒಂದು ಗೆರೆ ತೆಗೆಯೋದು, ಬ್ರಷ್ಷಲ್ಲಿ ಬಳಿಯೋದು, ಪಕ್ಕದ ಗೆರೆಗೆ ಹೋಗೋದು. ಹತ್ತೊಂಬತ್ತು ವರ್ಷದಿಂದ ಮಾಡ್ಕೊಂಡು ಬಂದಿರೋ ಕೆಲಸ, ಇವತ್ತು ನಾನು ಪಾಠ ಹೇಳಬೇಕಾ?

ನಗಬೇಡಿ. ನೀವು ನಕ್ರೆ ಕೈ ಅಲ್ಲಾಡುತ್ತೆ, ಗೋಡೆಗೆ ಹಾರುತ್ತೆ. ಸಿಂಕ್ ಪಕ್ಕ ಆ ಹಳೇ ಕಲೆ ಇದ್ಯಲ್ಲ, ಮೂರು ವರ್ಷದ್ದು, ಅಂಗೈ ಅಗಲ... ಎಷ್ಟು ಉಜ್ಜಿದ್ರೂ ಹೋಗಲಿಲ್ಲ ಅದು. ಕಾಣ್ತಿದ್ಯಾ? ... ಹೂಂ. ಕಾಣ್ತಿದೆ ಅಂದ್ರಲ್ಲ, ಆಯ್ತು ಬಿಡಿ. ಸುಮ್ನೆ ಕೇಳಿದೆ.

ಗ್ಲೌಸ್ ಎಲ್ಲಿ? ಮತ್ತೆ ಬಿಚ್ಚಿ ಹಾಕಿದ್ರಾ? ಪೊಟ್ಟಣದಲ್ಲಿ ಒಂದು ಜೊತೆ ಕೊಟ್ಟಿರ್ತಾನೆ, ಅದನ್ನ ಹಾಕ್ಕೊಳ್ಳೋದಕ್ಕೆ ಕೊಟ್ಟಿರ್ತಾನೆ ರೀ, ಕಸದ ಬುಟ್ಟಿಗೆ ಅಲ್ಲ. ನಾಳೆ ಹತ್ತು ಬೆರಳೂ ಕಂದು ಮಾಡ್ಕೊಂಡು ಹೋಗ್ತೀರಾ ಎಲ್ಲರ ಮುಂದೆ? ... ಕೈ ಬೆವರುತ್ತೆ. ಹೌದು, ಆರು ತಿಂಗಳಿಂದ ಬೆವರ್ತಿದೆ. ಅದಕ್ಕೆ ಮುಂಚೆ ಬೆವರ್ತಿರಲಿಲ್ಲ. ಇರಲಿ, ಬಳೀರಿ. ಬೋಗುಣಿ ನನ್ನ ತೊಡೆ ಮೇಲೆ ಇದೆ, ಇಲ್ಲಿ... ಇಲ್ಲಿ ರೀ, ಬಲಗಡೆ. ಬ್ರಷ್ ಅದ್ದಿ.

ಸ್ಟೂಲು ಗಟ್ಟಿ ಇದೆ, ಬೀಳಲ್ಲ ನಾನು. ಹಳೇ ಟವೆಲ್ಲು ಹೊದ್ದಿದ್ದೀನಿ. ಹಣೆ ಅಂಚಿಗೆ ವ್ಯಾಸಲೀನ್ ಹಚ್ಚಿದ್ದೀನಿ. ಮುಂದಲೆ ನಾನೇ ಮುಗಿಸಿಬಿಟ್ಟೆ ಬೆಳಗ್ಗೆ ಎದ್ದವಳೇ. ಮುಂದಲೆ ನನ್ನದು, ಹಿಂದಲೆ ನಿಮ್ಮದು. ಮೊದಲನೇ ಬಿಳಿ ಕೂದಲು ಕಂಡ ದಿನಾನೇ ಆಗಿದ್ದ ಒಪ್ಪಂದ. ನೀವೇ ಹುಡುಕಿ ತೆಗೆದ್ರಿ ಅದನ್ನ, ನೆನಪಿದ್ಯಾ? ನೆತ್ತಿ ಹಿಂದೆ ಒಂದೇ ಒಂದು. ಎಳೆದು ಅಂಗೈ ಮೇಲೆ ಇಟ್ಕೊಂಡು, 'ನೋಡೇ ಕೆಂಚಿ, ಕಳ್ಳ ಸಿಕ್ಕಿಬಿದ್ದ' ಅಂದ್ರಿ. ಒಂದು ಕೂದಲು ರೀ! ಅಷ್ಟು ದಟ್ಟ ಕೆಂಚು ಕೂದಲಲ್ಲಿ ಒಂದು ಬಿಳಿ ಎಳೆ. ಏನು ಕಣ್ಣು ನಿಮ್ಮದು ಆಗ.

... ಏನಿಲ್ಲ. ಏನೂ ಅನ್ನಲಿಲ್ಲ. ಬಳೀರಿ.

ಈ ಸಲ ಪೊಟ್ಟಣ ಎರಡೆರಡು ಸಲ ಓದಿ ತಂದಿದ್ದೀನಿ. ಅಂಗಡಿಯವನ ಕೈಗೆ ಬಿಡಲಿಲ್ಲ. ಕನ್ನಡಕ ಹಾಕ್ಕೊಂಡು, ಬೆಳಕಿಗೆ ಹಿಡಿದು, ಹೆಸರು ನಂಬರು ಎಲ್ಲ ಓದಿದೆ. ಯಾಕಾ? ಸುಮ್ನೆ. ದಾರದ ಅಂಗಡಿ ಕೆಲಸದವಳಿಗೆ ಇರೋ ಚಟ ಅದು. ನಮ್ಮಲ್ಲಿ ಕಂದು ಅಂದ್ರೆ ಹನ್ನೊಂದು ಥರ. ಯಾರೋ ಒಂದು ತುಂಡು ಬಟ್ಟೆ ತಂದು ಇದಕ್ಕೆ ಹೊಂದೋ ದಾರ ಕೊಡಿ ಅಂತಾರೆ, ನಾನು ಬಾಗಿಲ ಹತ್ರ ಬಂದು ಬಿಸಿಲಿಗೆ ಹಿಡಿದು ನೋಡ್ತೀನಿ. ಟ್ಯೂಬ್‌ಲೈಟ್ ನಂಬಬಾರದು. ಇಪ್ಪತ್ತೆರಡು ವರ್ಷದಲ್ಲಿ ಒಂದು ರೀಲು ತಪ್ಪು ಕೊಟ್ಟಿಲ್ಲ ನಾನು. ಅಂಥವಳು ಹೋದ ತಿಂಗಳು... ಬಿಡಿ.

ಮತ್ತೆ ಅದೇ ಮಾತು! ಬೆಳಗ್ಗೆಯಿಂದ ಹತ್ತನೇ ಸಲ ಹೇಳ್ತಿದ್ದೀರಿ. ಕೇಳಿಸ್ಕೊಂಡಿದ್ದೀನಿ ರೀ. ನಿನ್ನೆ ಸ್ಕೂಲಿಂದ ಮ್ಯಾನೇಜರ್ ಫೋನ್ ಮಾಡಿದ್ರು. ಸೋಮವಾರ ಬಸ್ ತೆಗೀಬೇಡಿ, ಕೀಲಿ ಆಫೀಸಿಗೆ ಕೊಟ್ಟು ಹತ್ತು ಗಂಟೆಗೆ ಕಣ್ಣಾಸ್ಪತ್ರೆಗೆ ಹೋಗಿ ಅಂದ್ರು. ಯಾರೋ ದೂರು ಹೇಳಿದ್ದಾರೆ ಅಂದ್ರು. ಯಾರು ಅಂತ ಹೇಳಲಿಲ್ಲ. ಅಷ್ಟೇ ತಾನೆ? ಪರೀಕ್ಷೆ ತಾನೆ, ವರ್ಷಾ ವರ್ಷ ಆಗುತ್ತಲ್ಲ.

ಅವಮಾನ ಹೌದು. ಯಾರು ಅಲ್ಲ ಅಂದ್ರು? ಇಪ್ಪತ್ತಾರು ವರ್ಷ ಅದೇ ಸ್ಕೂಲಿನ ಬಸ್ಸು. ಆಗ ಲಂಚ್ ಡಬ್ಬ ಹಿಡ್ಕೊಂಡು ಹತ್ತಿದ ಮಕ್ಕಳು ಈಗ ತಮ್ಮ ಮಕ್ಕಳನ್ನ ಹತ್ತಿಸ್ತಾರೆ. ಹಾರ್ನ್ ಮಾಮ, ಹಾರ್ನ್ ಮಾಮ ಅಂತ... ನಮಗೆ ಒಂದೂ ಆಗಲಿಲ್ಲ, ನಿಮಗೆ ನಲವತ್ತು ಸೀಟು ತುಂಬ ಮಕ್ಕಳು. ನಾನು ಮರೆತಿಲ್ಲ. ನಾನು ಅದನ್ನ ಮರೆತು ಮಾತಾಡ್ತಿಲ್ಲ.

ನಾನ್ಯಾಕೆ ಬೇಜಾರು ಮಾಡ್ಕೊಳ್ತಿಲ್ಲ ಅಂತೀರಾ? ಮಾಡ್ಕೊಳ್ಳಬೇಕು. ಗೊತ್ತು. ಕಾಲು ಮಡಚಿ ಬಹಳ ಹೊತ್ತು ಕೂತ್ರೆ ಜೋಮು ಹಿಡಿಯುತ್ತೆ ನೋಡಿ, ಚಿವುಟಿದ್ರೂ ಬೇರೆ ಯಾರದೋ ಕಾಲು ಅನ್ಸುತ್ತೆ... ಹಾಗಿದೆ ನನಗೆ ಮೈಯೆಲ್ಲ. ಬುಧವಾರದಿಂದ. ಈ ಬಣ್ಣಕ್ಕೆ ತಲೆ ಚುರುಚುರು ಅನ್ನಬೇಕು, ಪ್ರತಿ ಸಲ ಅನ್ನುತ್ತೆ, ಇವತ್ತು ಅದೂ ಇಲ್ಲ. ಜ್ವರ ಇಲ್ಲ ರೀ. ಹಣೆ ಮುಟ್ಟಬೇಡಿ, ಕೈ ತುಂಬ ಬಣ್ಣ!

ಯಾವ ಚೀಟಿ? ... ಓ, ಅದು. ಕಣ್ಣು ಪರೀಕ್ಷೆ ಅಕ್ಷರದ ಚೀಟಿ. ಇಲ್ಲ, ಎಲ್ಲಿಟ್ಟೆನೋ. ಹುಡುಕಬೇಕು. ಈಗಲಾ? ತಲೆಗೆ ಬಣ್ಣ ಹಚ್ಕೊಂಡು ಮನೆಯೆಲ್ಲ ಓಡಾಡಲಾ? ನಿಮಗೇ ಬಾಯಿಪಾಠ ಇದ್ಯಲ್ಲ. ಮೇಲಿನ ಸಾಲು ಒಂದೇ ಅಕ್ಷರ, ಆಮೇಲೆ ಎರಡು, ಆಮೇಲೆ ಮೂರು... ಹೋದ ವರ್ಷ ಇದೇ ಸ್ಟೂಲಿನ ಮೇಲೆ ಕೂತು ನಾನು ಹೇಳೋದು, ಹಿಂದೆ ನಿಂತು ಬಣ್ಣ ಬಳೀತಾ ನೀವು ಒಪ್ಪಿಸೋದು. ಐದನೇ ಸಾಲಲ್ಲಿ ಯಾವಾಗ್ಲೂ ಎಡವೋರು ನೀವು. ತಪ್ಪಿದಾಗಲೆಲ್ಲ ಬ್ರಷ್ಷಿನ ಹಿಡಿಯಿಂದ ನನ್ನ ತಲೆಗೇ ಕುಟ್ಟೋರು. ನಕ್ಕಿದ್ವಿ ಎಷ್ಟು... ಹುಚ್ಚರ ಹಾಗೆ ನಕ್ಕಿದ್ವಿ.

ವರ್ಷಾ ವರ್ಷ ಪರೀಕ್ಷೆ ಮಾಡೋ ಆ ಡಾಕ್ಟರ ಗೋಡೆ ಮೇಲೆ ಹತ್ತು ವರ್ಷದಿಂದ ಒಂದೇ ಅಕ್ಷರದ ಹಲಗೆ. ನಿಮ್ಮ ಜೊತೆ ಬಂದು, ಬೆಂಚಿನ ಮೇಲೆ ಕೂತು, ದಾರದ ರೀಲಿನ ಚೀಟಿ ಹಿಂದೆ ನಾನೇ ಬರ್ಕೊಂಡು ಬಂದೆ. ನಾನೇ. ಸ್ವಲ್ಪ ಮಂಜು ಅಷ್ಟೇ ಕಣೇ, ರಜೆ ಬರಲಿ ಆಪರೇಷನ್ ಮಾಡಿಸ್ತೀನಿ ಅಂದ್ರಿ. ಬೇಸಿಗೆ ರಜೆ ಬಂತು, ಹೋಯ್ತು. ಮಧ್ಯದ ರಜೆ ಬಂತು, ಹೋಯ್ತು. ನಾನೂ ಸುಮ್ಮನಿದ್ದೆ. ಆಸ್ಪತ್ರೆಯವರು ಇದು ಪೊರೆ ಅಲ್ಲ, ಬೇರೆ ಏನೋ, ಇನ್ನು ವಾಪಸ್ ಬರಲ್ಲ ಅಂದುಬಿಟ್ರೆ... ಅಂತ ನಿಮಗೂ ಭಯ, ನನಗೂ ಭಯ. ಇಬ್ಬರೂ ಬಾಯಿ ಬಿಡಲಿಲ್ಲ.

ನಾಳೆ ಹಲಗೆ ಇರಲ್ಲ ರೀ. ಮೆಷಿನ್ ಅಂತೆ. ಗಲ್ಲ ಇಟ್ಟು ಒಳಗೆ ನೋಡೋದಂತೆ. ಬಾಯಿಪಾಠ ಕೇಳಲ್ಲ ಅದು... ನನಗೆ ಹೇಗೆ ಗೊತ್ತಾ? ಎಲ್ಲ ಕಡೆ ಹಾಗೇ ಅಲ್ವಾ ಈಗ. ಯಾರೋ ಹೇಳಿದ್ರು. ಗೆರೆ ತೆಗೀರಿ, ಬೇಗ. ಬೋಗುಣೀಲಿ ಬಣ್ಣ ಕಪ್ಪಾಗ್ತಾ ಬರ್ತಿದೆ.

ಬಸ್ಸಿನ ಆಯಮ್ಮನಾ ದೂರು ಕೊಟ್ಟಿದ್ದು? ಛೆ! ಅವಳಲ್ಲ.

ಅವಳಲ್ಲ ಅಂದೆನಲ್ಲ. ಯಾಕೆ ಮಾಡ್ತಾಳೆ ಅವಳು? ಏಳು ವರ್ಷದಿಂದ ನಿಮ್ಮ ಬಸ್ಸಿನ ಬಾಗಿಲಲ್ಲಿ ನಿಂತು ಮಕ್ಕಳನ್ನ ಹತ್ತಿಸಿ ಇಳಿಸಿ ಮಾಡ್ತಾಳೆ. ನಿಮ್ಮನ್ನ ಅಣ್ಣ, ನನ್ನನ್ನ ಅಕ್ಕ ಅಂತ ಬಾಯ್ತುಂಬ ಕರೀತಾಳೆ. ಸೀಟು ಬಿಟ್ಟು ಮುಂದೆ ಬಂದು ನಿಲ್ತಾಳೆ ಅಂತ ನೀವೇ ಹೇಳಿದ್ರಿ. ಯಾಕೆ ನಿಲ್ತಾಳೆ? 'ಅಣ್ಣ, ಹಸಿರು ಬಂತು', 'ಅಣ್ಣ, ಮುಂದೆ ಸೈಕಲ್ಲು', 'ಅಣ್ಣ, ಸ್ವಲ್ಪ ಎಡಕ್ಕೆ'... ಮಕ್ಕಳ ಜೊತೆ ಆಟ ಆಡೋ ಹಾಗೆ ಹೇಳ್ತಾಳಂತೆ. ನಿಮಗೆ ನಾಚಿಕೆ ಆಗಬಾರದು ಅಂತ. ಅದೂ ನೀವೇ ನಗ್ತಾ ಹೇಳಿದ್ದು, ನನಗೊಂದು ಬಾಯಿ ಬಂದ ಸ್ಟೇರಿಂಗ್ ಸಿಕ್ಕಿದೆ ಅಂತ.

ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ಆ ಕೆಲಸ ಹೋದ್ರೆ ಏನು ಮಾಡ್ತಾಳೆ?

ಏನಂದ್ರಿ? ... ಇನ್ನೊಂದ್ಸಲ ಹೇಳಿ. ನಾಳೆ ಮ್ಯಾನೇಜರ್ ಎದುರು ಏನು ಹೇಳ್ತೀರಿ?

ಅವಳು ಬಾಗಿಲು ಸರಿಯಾಗಿ ಹಾಕಲ್ಲ ಅಂತ. ಮಕ್ಕಳನ್ನ ಎಣಿಸಲ್ಲ ಅಂತ. ಬೈದಿದ್ದಕ್ಕೆ ಸಿಟ್ಟಿಟ್ಟುಕೊಂಡು ಸುಳ್ಳು ದೂರು ಕೊಟ್ಟಿದ್ದಾಳೆ ಅಂತ. ಅವಳನ್ನ ತೆಗೀರಿ ಅಂತ... ನೀವಾ ರೀ ಈ ಮಾತು ಆಡೋದು? ಇರುವೆ ಕಂಡ್ರೆ ಪಕ್ಕಕ್ಕೆ ಕಾಲಿಡ್ತಿದ್ದ ಮನುಷ್ಯ ನೀವು.

ಹೂಂ. ಹೂಂ. ಇಲ್ಲ, ಸಿಟ್ಟಲ್ಲ. ನನಗೆ ಸಿಟ್ಟು ಬರ್ತಿಲ್ಲ. ಬರಬೇಕಿತ್ತು.

ಒಂದು ನಿಮಿಷ ಬೇರೆ ಮಾತಾಡೋಣ. ನಾನು ಮದುವೆಗೆ ಮುಂಚೆ ಟೈಪಿಂಗ್ ಕ್ಲಾಸಿಗೆ ಹೋಗ್ತಿದ್ದೆನಲ್ಲ, ನಿಮ್ಮ ಬಸ್ಸಲ್ಲಿ? ಆಗ ನೀವು ಊರೊಳಗಿನ ಬಸ್ ಓಡಿಸ್ತಿದ್ರಿ. ಡ್ರೈವರ್ ಹಿಂದೆ ಮೂರನೇ ಸೀಟು, ಕಿಟಕಿ ಪಕ್ಕ. ನನಗೆ ಗೊತ್ತಿತ್ತು ನೀವು ನೋಡ್ತೀರಿ ಅಂತ. ಹಿಂದಿನ ವಾಹನ ನೋಡೋದಕ್ಕೆ ಅಂತ ಇಟ್ಟ ಕನ್ನಡಿ, ನೀವು ತಿರುಗಿಸ್ಕೊಂಡಿದ್ದು ಮೂರನೇ ಸೀಟಿಗೆ! ಮನೇಲಿ ಎಲ್ಲರೂ ಜೋಳದ ಜುಟ್ಟು ಅಂತ ಆಡ್ಕೊಳ್ಳೋರು ನನ್ನ ಕೂದಲನ್ನ. ನಮ್ಮಮ್ಮ ತಲೆ ತುಂಬ ಎಣ್ಣೆ ಸುರಿದು ಕಪ್ಪಗೆ ಕಾಣಲಿ ಅಂತ ಬಿಗಿಯಾಗಿ ಜಡೆ ಹಾಕೋಳು. ನೀವು ಬಂದು ಹೇಳಿದ್ರಿ, ಬೆಳಗ್ಗೆ ಬಿಸಿಲು ಬಿದ್ರೆ ಅಷ್ಟು ದೂರದಿಂದ, ಕನ್ನಡೀಲಿ, ಒಂದೊಂದು ಎಳೆ ಬೇರೆ ಬೇರೆ ಕಾಣುತ್ತೆ ಅಂತ. ಆ ಮಾತಿಗೆ ಬಿದ್ದೆ ನಾನು. ಸುಳ್ಳು ಯಾಕೆ ಹೇಳಲಿ, ಬಸ್ಸಿಗೂ ಅಲ್ಲ, ಸಂಬಳಕ್ಕೂ ಅಲ್ಲ.

ಅದಕ್ಕೇ ಈ ಬಣ್ಣ. ನನಗೇನು ಬಿಳಿ ಆದ್ರೆ ಅವಮಾನ ಅಂತಲ್ಲ. ಅಂಗಡೀಲಿ ಗುಂಡಿ ಮಾರೋಳು ಇದ್ದಾಳಲ್ಲ, ನನಗಿಂತ ಎರಡು ವರ್ಷ ಚಿಕ್ಕವಳು, ತಲೆ ಪೂರ್ತಿ ಹತ್ತಿ. ಆರಾಮಾಗಿದ್ದಾಳೆ. ಈ ಕಂದು ನಿಮ್ಮ ಬಣ್ಣ ಅಂತ ಉಳಿಸ್ಕೊಂಡು ಬಂದೆ. ನಾಲ್ಕು ವಾರಕ್ಕೊಂದು ಭಾನುವಾರ.

... ಆಯ್ತು, ಭಾವ ಜಾಸ್ತಿ ಆಯ್ತು. ನಗಿ. ಬಲಗಡೆ ಮೇಲೆ ಬಿಟ್ಟುಹೋಯ್ತು, ಅಲ್ಲಿ. ಬೆರಳಲ್ಲಿ ಮುಟ್ಟಿ ನೋಡಿ... ಒದ್ದೆ ಎಲ್ಲಿ, ಒಣಗಿರೋದು ಎಲ್ಲಿ ಅಂತ ಬೆರಳಿಗೆ ತಿಳಿಯುತ್ತಲ್ಲ. ಗ್ಲೌಸ್ ಹಾಕಿದ್ರೆ ತಿಳಿಯಲ್ಲ, ಅಲ್ವಾ?

ಯಾಕೆ, ನಾನು ಏನಂದೆ? ಮುಟ್ಟಿ ಅಂದೆ ಅಷ್ಟೇ.

ಫೋನಾ? ಈಗ ಯಾಕೆ? ... ಮ್ಯಾನೇಜರ್ ನಂಬರು ಹಾಕಿ ಕೊಡಲಾ? ಈಗಲೇ? ಭಾನುವಾರ ರೀ ಇವತ್ತು, ಪಾಪ ಮನೇಲಿ ಇರ್ತಾರೆ. ನಾಳೆಗೆ ಮುಂಚೆ ಅವರ ಕಿವಿಗೆ ಹಾಕಬೇಕು ಆಯಮ್ಮನ ವಿಷಯ. ಹೂಂ, ಅರ್ಥ ಆಯ್ತು. ನನ್ನ ಕೈಗೆ ಬಣ್ಣ ಹತ್ತಿದೆ, ಬೇಡ. ನೀವೇ ಹಾಕ್ಕೊಳ್ಳಿ ನಂಬರು. ಫೋನ್ ಅಲ್ಲೇ ಇದೆ, ಕಿಟಕಿ ಕಟ್ಟೆ ಮೇಲೆ, ಕನ್ನಡಕದ ಪಕ್ಕ.

... ಹಾಕಿ.

... ಬೇಡ, ಬಿಡಿ. ಕೆಳಗೆ ಬೀಳಿಸ್ತೀರಿ. ಇಲ್ಲಿ ಕೊಡಿ. ನನ್ನ ಹತ್ರ ಇರಲಿ.

ಆಯಮ್ಮನ ಹೆಸರು ಹೇಳಬೇಡಿ ರೀ. ನನ್ನ ಮಾತು ಕೇಳಿ ಒಂದು ಸಲ. ಬುಧವಾರ ಅವಳು ಇಲ್ಲದೆ ಇದ್ದಿದ್ರೆ ನಿಮ್ಮ ಗತಿ ಏನಾಗ್ತಿತ್ತು? ಬುಧವಾರದ್ದು ರೀ! ನೀವೇ ಬಂದು ಹೇಳಿದ್ರಲ್ಲ, ಸಂಜೆ ಟೀ ಕುಡೀತಾ. ದಾರಿ ದಾಟೋ ಪಟ್ಟೆ ಮೇಲೆ ಯಾವಳೋ ಹುಚ್ಚಿ ಬಸ್ಸಿಗೆ ಅಡ್ಡ ಬಂದಳು ಅಂತ. ಸಾಯೋದಕ್ಕೆ ನನ್ನ ಬಸ್ಸೇ ಬೇಕಾ ಅಂತ. ಯಾರೋ ಕೆಂಪು ತಲೆಯವಳು ಅಂತ ಆಯಮ್ಮ ಅಂದಳು, ನಾನು ಸರಿಯಾಗಿ ನೋಡಲಿಲ್ಲ, ಬ್ರೇಕ್ ಹಾಕೋ ಗಡಿಬಿಡಿ ಅಂದ್ರಿ. ನಾನು ನಿಮ್ಮ ಲೋಟಕ್ಕೆ ಇನ್ನೊಂಚೂರು ಟೀ ಬಗ್ಗಿಸಿದೆ. ನೆನಪಿದ್ಯಾ? ಒಂದು ಹನಿ ಚೆಲ್ಲಲಿಲ್ಲ.

ಯೋಚನೆ ಮಾಡಿ, ಆಯಮ್ಮ ಅವತ್ತು ಬಾಗಿಲಿಂದ ಅರ್ಧ ಮೈ ಹೊರಗೆ ಹಾಕಿ, 'ಅಣ್ಣಾ, ಬ್ರೇಕ್! ಅಣ್ಣಾ, ಅಕ್ಕ ಕಣಣ್ಣಾ' ಅಂತ ಗಂಟಲು ಹರಿಯೋ ಹಾಗೆ ಕಿರುಚದೆ ಇದ್ದಿದ್ರೆ...

ಯಾಕೆ ನಿಲ್ಲಿಸಿದ್ರಿ?

ಬಳೀರಿ.

ನೀವೇ ಹೇಳಿದ್ರಲ್ಲ ಅವಳು ಕಿರುಚಿದಳು ಅಂತ... ಹೇಳಲಿಲ್ವಾ? ಏನಂತ ಕಿರುಚಿದಳು ಅಂತ ಹೇಳಲಿಲ್ವಾ? ಇಂಜಿನ್ ಸದ್ದು, ಮಕ್ಕಳ ಗಲಾಟೆ... ನಿಮಗೆ ಬ್ರೇಕ್ ಅನ್ನೋದಷ್ಟೇ ಕೇಳಿಸ್ತೇನೋ. ಹಾಗಾದ್ರೆ ನಾನೇ ಅಂದ್ಕೊಂಡೆ. ಅಂಗಡಿ ಎದುರೇ ನಡೆದದ್ದಲ್ವಾ, ಯಾರೋ ಹೇಳಿರಬೇಕು... ಗುಂಡಿ ಮಾರೋಳು ಹೇಳಿರಬೇಕು...

ರೀ.

ಬ್ರಷ್ ಹಿಡ್ಕೊಂಡು ಹೀಗೆ ನಿಲ್ಲಬೇಡಿ ನನ್ನ ಬೆನ್ನ ಹಿಂದೆ.

ಸರಿ. ನಾನೇ ಒಂದು ಕೇಳ್ತೀನಿ, ಅದಕ್ಕೆ ಉತ್ತರ ಕೊಡಿ. ತಿಂಗಳಿಂದ, ಇವತ್ತು ಬೆಳಗ್ಗೆವರೆಗೂ, ನನ್ನ ತಲೆ ಯಾವ ಬಣ್ಣ ಇತ್ತು? ... ಸುಲಭ ಪ್ರಶ್ನೆ. ಒಂದೇ ಮನೇಲಿ ಇದ್ದೀವಿ. ಒಂದೇ ಮಂಚ. ಎದುರು ಬದುರು ಕೂತು ಊಟ ಮಾಡಿದ್ದೀವಿ. ಹೇಳಿ.

ಹೇಳಿ ರೀ.

... ಕೆಂಪು. ಕೆಂಪು ಇತ್ತು ನನ್ನ ತಲೆ. ಅಂಗಡಿಯವನು ಬೇರೆ ಪೊಟ್ಟಣ ಕೊಟ್ಟುಬಿಟ್ಟಿದ್ದ, ನಾನು ನೋಡದೆ ತಂದೆ. ರೀಲು ತಪ್ಪದವಳು ನನ್ನ ತಲೆಗೇ ತಪ್ಪಿದೆ. ತೊಳೆದು ಕನ್ನಡಿ ನೋಡಿದ್ರೆ ದಾಸವಾಳ! ಕಿರುಚಿಬಿಟ್ಟೆ. ನೀವು ಓಡಿ ಬಂದ್ರಿ, ಏನಾಯ್ತೇ ಅಂತ. ನಾನು ತಿರುಗಿ ನಿಂತೆ ನಿಮ್ಮ ಎದುರು, ಟವೆಲ್ ತೆಗೆದು, ಬಯ್ತೀರೋ ನಗ್ತೀರೋ ಅಂತ. ನೀವು... ನೀವು ಅಂದ್ರಿ, 'ಚೆನ್ನಾಗಿ ಬಂದಿದ್ಯಲ್ಲ. ಅದೇ ನಮ್ಮ ಕಂದು.'

ಅವತ್ತು ಗೊತ್ತಾಯ್ತು ನನಗೆ. ಸ್ವಲ್ಪ ಮಂಜು ಅಲ್ಲ ಅಂತ. ಆದ್ರೂ ನಾಲ್ಕು ವಾರ ಬಾಯಿ ಮುಚ್ಚಿಕೊಂಡು ಇದ್ದೆ. ಬೀದಿಯೆಲ್ಲ ನೋಡ್ತು, ಅಂಗಡಿಗೆ ಬಂದೋರೆಲ್ಲ ನಕ್ರು. ಪಕ್ಕದ ಮನೆಯವರು ನಿಮ್ಮೆದುರೇ 'ಏನ್ರೀ ಹೊಸ ವೇಷ' ಅಂದಾಗ ನಾನೇ ಮಾತು ಮರೆಸಿ ಒಳಗೆ ಕರ್ಕೊಂಡು ಬಂದೆ ನಿಮ್ಮನ್ನ. ಮತ್ತೆ ಕಂದು ಹಚ್ಕೊಳ್ಳಬಹುದಿತ್ತು ಮಾರನೇ ವಾರವೇ. ಹಚ್ಕೊಳ್ಳಲಿಲ್ಲ. ದಿನಾ ಬೆಳಗ್ಗೆ ಕಾಯ್ತಿದ್ದೆ. ಇವತ್ತು ನೋಡ್ತಾರೆ, ಇವತ್ತು ಕೇಳ್ತಾರೆ ಅಂತ.

ಆ ಗೋಡೆ ಕಲೇನೂ ಇಲ್ಲ ರೀ. ನೀವು ಬಸ್ಸಿಗೆ ಹೋದಾಗ ನಾನೇ ಪೇಂಟ್ ಹೊಡೆದೆ, ಎರಡು ವಾರ ಆಯ್ತು. ಕಾಣ್ತಿದೆ ಅಂದ್ರಿ ಈಗ.

ಬುಧವಾರ ಮೂರೂವರೆಗೆ ನಾನು ಎದುರು ಗೋಡೌನಿಂದ ದಾರದ ಡಬ್ಬ ತರ್ತಿದ್ದೆ. ನಿಮ್ಮ ಬಸ್ ಬರೋ ಹೊತ್ತು. ದಿನಾ ಅಂಗಡಿ ಬಾಗಿಲಿಗೆ ಬಂದು ಕೈ ಬೀಸ್ತೀನಿ, ನೀವು ಎರಡು ಸಲ ಹಾರ್ನ್ ಹೊಡೀತೀರಿ. ಅವತ್ತು ಪಟ್ಟೆ ಮೇಲೇ ಸಿಕ್ಕಿದ್ರಿ. ನನಗೆ ಭಯ ಯಾಕಾಗುತ್ತೆ? ನಿಮ್ಮ ಬಸ್ಸು! ಡಬ್ಬ ಕಂಕುಳಲ್ಲಿ ಇಟ್ಕೊಂಡು, ನಗ್ತಾ ಕೈ ಎತ್ತಿದೆ. ನೀವು ನನ್ನ ಕಡೇನೇ ನೋಡ್ತಿದ್ರಿ ರೀ. ಗಾಜಿನ ಹಿಂದೆ ನಿಮ್ಮ ಮುಖ, ನೆಟ್ಟಗೆ ನನ್ನ ಮುಖಕ್ಕೆ. ನೋಡ್ತಾನೇ ಬಂದ್ರಿ. ನಾನು ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು...

ಬಸ್ಸಿನ ಮೂತಿ ಡಬ್ಬಕ್ಕೆ ತಗುಲ್ತು. ಮೈಗೆ ಇಲ್ಲ. ಮೈಗೆ ಏನೂ ಆಗಲಿಲ್ಲ. ರೀಲೆಲ್ಲ ರಸ್ತೆ ತುಂಬ ಉರುಳಿಕೊಂಡು ಹೋಯ್ತು. ಕಿಟಕೀಲಿ ಮಕ್ಕಳು ಓ ಅಂತ ಕೂಗಿದ್ರು. ನೀವು ತಲೆ ಹೊರಗೆ ಹಾಕಿ ಬೈದ್ರಿ. 'ಕಣ್ಣು ಕಾಣಲ್ವೇನಮ್ಮ' ಅಂದ್ರಿ ನನಗೆ. ಅಂದು ಹೊರಟುಹೋದ್ರಿ.

ಮಾರನೇ ದಿನ ಆಯಮ್ಮ ಅಂಗಡಿಗೆ ಬಂದಳು. ಅಳ್ತಾ ನಿಂತಳು ಕೌಂಟರ್ ಎದುರು. ಅಕ್ಕ, ಕೆಂಪು ತಲೆಯವಳು ಅಂತ ಬೇಕಂತಲೇ ಹೇಳಿದೆ, ಆಗಲಾದ್ರೂ ಅಣ್ಣನಿಗೆ ನೀವು ಅಂತ ಹೊಳೆಯುತ್ತೆ ಅಂದ್ಕೊಂಡೆ ಅಂದಳು. ಅವಳು ಫೋನ್ ಮಾಡಲಿಲ್ಲ ರೀ. ಏನು ಮಾಡೋದು ಅಕ್ಕ ಅಂತ ನನ್ನನ್ನ ಕೇಳಿದಳು. ನಾನು ಏನೂ ಮಾಡಬೇಡ, ಹೋಗು ಅಂದೆ.

ಶುಕ್ರವಾರ ಊಟದ ಹೊತ್ತಲ್ಲಿ ನಾನೇ ಅಂಗಡಿ ಫೋನಿಂದ ಸ್ಕೂಲಿಗೆ ಮಾಡಿದೆ. ಹೆಸರು ಹೇಳಲಿಲ್ಲ. ನಲವತ್ತು ಮಕ್ಕಳು ಕೂರೋ ಬಸ್ಸಿನ ಡ್ರೈವರಿಗೆ ಕಣ್ಣಿಲ್ಲ ಅಂದೆ. ಹಲಗೆ ತೋರಿಸಬೇಡಿ, ಬಾಯಿಪಾಠ ಇದೆ, ಮೆಷಿನ್ ಇಟ್ಟು ನೋಡಿ ಅಂದೆ. ನಿಮಗೆ ಹೇಗೆ ಗೊತ್ತಮ್ಮ ಅಂದ್ರು ಮ್ಯಾನೇಜರ್. ಇಟ್ಟುಬಿಟ್ಟೆ. ನಾನೇ ಕಲಿಸಿದ್ದು ಅಂತ ಹೇಗೆ ಹೇಳಲಿ? ಇಟ್ಟು, ಯಾರೋ ಗಿರಾಕಿ ನಿಂತಿದ್ರು, ಅವರ ಬಟ್ಟೆಗೆ ನೀಲಿ ದಾರ ಹೊಂದಿಸಿ ಕೊಟ್ಟೆ. ಸರಿಯಾದ ನೀಲೀನೇ ಕೊಟ್ಟೆ.

ನಾನು ರೀ. ಆಯಮ್ಮ ಅಲ್ಲ. ನಾನು.

ಬೈಯಿರಿ. ಹೊಡೀಬೇಕು ಅನ್ಸಿದ್ರೆ ಆ ಬ್ರಷ್ಷಲ್ಲಿ ಒಂದು ಕುಟ್ಟಿ, ಐದನೇ ಸಾಲು ತಪ್ಪಿದಾಗ ಕುಟ್ಟೋ ಹಾಗೆ. ನಾಳೆ ಕೀಲಿ ಕೊಡೋದಕ್ಕೆ ನಾನೂ ಬರ್ತೀನಿ. ನನ್ನ ಹೆಂಡತಿ ಫೋನ್ ಮಾಡಿದ್ದು ಅಂತ ಹೇಳಿ, ಅಕ್ಷರ ಕಲಿಸಿದ್ದೂ ಅವಳೇ ಅಂತ ಹೇಳಿ. ಆ ಆಯಮ್ಮನ ಹೆಸರು ಮಾತ್ರ ಎತ್ತಬೇಡಿ.



ನೀವು ನನ್ನ ಹಿಂದೆ ನಿಂತಿದ್ದೀರಿ, ನನಗೆ ಕಾಣಲ್ಲ ಅಂದ್ಕೊಂಡಿದ್ದೀರಿ. ಎದುರಿಗೆ ಕನ್ನಡಿ ಇದೆ ರೀ. ನೀವು ಬಸ್ಸಲ್ಲಿ ನನ್ನನ್ನ ನೋಡಿದ ಹಾಗೆ ನಾನು ನೋಡ್ತಿದ್ದೀನಿ, ಆಗಿನಿಂದ. ಬ್ರಷ್ ಕೈಯಲ್ಲೇ ಇದೆ. ತೊಟ್ಟಿಕ್ಕಿ ಅಂಗಿ ಮೇಲೆ ಬೀಳ್ತಿದೆ ಬಣ್ಣ. ಕೆನ್ನೆ ಒದ್ದೆ ಆಗಿದೆ ನಿಮ್ಮದು. ಒರೆಸ್ಕೋಬೇಡಿ, ಆ ಕೈಯಲ್ಲಿ ಒರೆಸ್ಕೋಬೇಡಿ, ಕಣ್ಣಿಗೆ ಹೋಗುತ್ತೆ...

ಇನ್ನರ್ಧ ಬಾಕಿ ಇದೆ. ಬಿಟ್ರೆ ಬಿಡಿ, ಅರ್ಧ ಕಂದು ಅರ್ಧ ಕೆಂಪು ಓಡಾಡ್ತೀನಿ, ನಗೋರು ಹೇಗೂ ನಕ್ಕಾಗಿದೆ. ಬಳಿಯೋದಾದ್ರೆ ನಾನು ಹೇಳ್ತೀನಿ, ನೀವು ಬಳೀರಿ. ಎಡಕ್ಕೆ. ಇನ್ನೂ ಸ್ವಲ್ಪ ಎಡಕ್ಕೆ...

ರೀ? ಬ್ರಷ್ ಯಾಕೆ ಕೆಳಗಿಟ್ರಿ?

ಅದು ಕಿವಿ. ಅದು ಕಿವಿ ರೀ, ಆಗಲೇ ಹೇಳಿದೆ... ಅದು ಕೆನ್ನೆ. ಅದು ಗಲ್ಲ. ಎಷ್ಟು ತಣ್ಣಗಿದೆ ನಿಮ್ಮ ಬೆರಳು... ಗೊತ್ತಾಗ್ತಿದೆ ನನಗೆ. ಮುಖ ತುಂಬ ಬಣ್ಣ ಆಯ್ತು. ಆಗಲಿ. ನೋಡಿ. ನಿಧಾನಕ್ಕೆ ನೋಡಿ.